ಅಜ್ಜಿಯ ಮಡಿ, ನೀರಿನ ಅಣು

ಮುಂಬಯಿಯ ಘಾಟ್ಕೋಪರಿನ ನಮ್ಮ ಚಾಳಿನ ಮನೆಗೆ ಒಂದೇ ಕೋಣೆ ಎಂದು ಯಾರಾದರೂ ಹೇಳಿದರೆ ಅಜ್ಜಿಗೆ ಸಿಟ್ಟು ಬರುತ್ತಿತ್ತು. ಅವಳ ಪ್ರಕಾರ ಅದರಲ್ಲಿ ದೇವರ ಕೋಣೆ, ಅಡುಗೆಮನೆ, ಚಾವಡಿ, ಬಚ್ಚಲು ಎಲ್ಲವೂ ಇದ್ದವು. ನಡುವೆ ಗೋಡೆಗಳಿರಲಿಲ್ಲ, ಅಷ್ಟೆ. ಗೋಡೆಗಳ ಕೆಲಸವನ್ನು ಅವಳ ಕಣ್ಣು ಮಾಡುತ್ತಿತ್ತು. ಮೂಲೆಯ ಹಲಗೆಯ ಮೇಲೆ ದೇವರು, ಅದರ ಕೆಳಗೆ ಸೀಮೆಎಣ್ಣೆಯ ಸ್ಟವ್, ಪಕ್ಕದಲ್ಲಿ ಪರದೆ ಕಟ್ಟಿದ ಮೋರಿ. ಸ್ನಾನಕ್ಕೂ ಪಾತ್ರೆಗೂ ಬಟ್ಟೆಗೂ ನಮಗಿದ್ದದ್ದು ಆ ಮೋರಿಯೊಂದೇ. ಅದಕ್ಕೆ ಒತ್ತಿಕೊಂಡು ನೀರಿನ ಡ್ರಮ್. ಬಾಗಿಲ ಬದಿಗೆ ಅಪ್ಪನ ಕಬ್ಬಿಣದ ಮಂಚ, ಮಂಚದಡಿಯಲ್ಲಿ ಟ್ರಂಕು, ಅಕ್ಕಿ ಡಬ್ಬ, ನನ್ನ ಮತ್ತು ತಮ್ಮ ರಘುವಿನ ಪುಸ್ತಕಗಳು. ಚಾವಣಿಯ ಕೆಳಗೆ ಅಡ್ಡಲಾಗಿ ಒಂದು ಬಿದಿರ ಗಳ. ಅದರ ಮೇಲೆ ಅಜ್ಜಿಯ ಮಡಿಸೀರೆ ಒಣಗುತ್ತಿತ್ತು. ಅದನ್ನು ಕೋಲಿನಿಂದ ಏರಿಸಿ ಕೋಲಿನಿಂದಲೇ ಇಳಿಸಬೇಕು. ರಘು ಒಮ್ಮೆ ಮಂಚದ ಮೇಲೆ ನಿಂತು ಬೆರಳ ತುದಿಯಿಂದ ಅದನ್ನು ಮುಟ್ಟಿದ್ದಕ್ಕೆ ಇಡೀ ಮನೆಯ ಊಟ ತಡವಾಗಿತ್ತು.

ಬೆಳಗಿನ ಸ್ನಾನದಿಂದ ಮಧ್ಯಾಹ್ನದ ಊಟದವರೆಗೆ ಅಜ್ಜಿ ಮಡಿಯಲ್ಲಿರುತ್ತಿದ್ದಳು. ಆ ಹೊತ್ತಿನಲ್ಲಿ ಅವಳನ್ನು ಯಾರೂ ಮುಟ್ಟುವಂತಿಲ್ಲ. ಉಡುಪಿಯ ಕಡೆಯ ದೊಡ್ಡ ಮನೆಯಲ್ಲಿ ಇದೇನೂ ಕಷ್ಟವಲ್ಲ, ಆದರೆ ಐದು ಜನ ಉಸಿರಾಡುವ ಆ ಕೋಣೆಯಲ್ಲಿ ಇದು ಸರ್ಕಸ್ಸೇ ಆಗಿತ್ತು. ನಾವೆಲ್ಲ ಗೋಡೆಗೆ ಬೆನ್ನು ಹಚ್ಚಿ ಅಡ್ಡಡ್ಡವಾಗಿ ನಡೆಯುವುದನ್ನು ಕಲಿತಿದ್ದೆವು. ಎಷ್ಟು ಹತ್ತಿರ ಹೋದರೆ ಅಜ್ಜಿ ಮೈ ಮುದುಡಿಕೊಳ್ಳುತ್ತಾಳೆ ಎನ್ನುವುದು ನಮ್ಮ ಮೈಗೇ ಗೊತ್ತಿತ್ತು. ವಿಚಿತ್ರವೆಂದರೆ ಕರೆಯುವವಳೂ ಅವಳೇ. ಒಲೆಯ ಮುಂದೆ ಕೂತು ನೀರುದೋಸೆ ಎಬ್ಬಿಸುವಾಗ ಮೊಮ್ಮಕ್ಕಳ ಬಾಯಿಗೆ ಬಿಸಿಬಿಸಿ ಹೋಗಬೇಕು ಎನ್ನುವ ಆಸೆ ಅವಳಿಗೆ ತಡೆಯಲಾಗುತ್ತಿರಲಿಲ್ಲ.

"ಬಾ ಬಾ, ಇಲ್ಲಿ ಬಾ ಮಗಾ. ಹಾಂ, ಅಲ್ಲೇ. ಅಲ್ಲೇ ನಿಲ್ಲು ಮಾರಾಯ್ತಿ, ಮೇಲೆ ಬೀಳ್ಬೇಡ. ಕೈ ನೀಡು."

ನೀಡಿದ ಅಂಗೈಗೆ ಮೇಲಿನಿಂದ ದೋಸೆ ಬೀಳುತ್ತಿತ್ತು. ದೂರ ನಿಂತರೆ ಕರೆಯುವುದು, ಹತ್ತಿರ ಹೋದರೆ ತಳ್ಳುವುದು, ಇವೆರಡರ ನಡುವೆ ಎಲ್ಲೋ ಒಂದು ಕಡೆ ನಿಂತುಕೊಂಡು ನಾನು ಬೆಳೆದೆ. ಮಡಿಯ ಮೇಲೆ ನನಗೆ ಆಗಲೂ ಸಿಟ್ಟಿತ್ತು, ಈಗಲೂ ಇದೆ. ಅಜ್ಜಿಯ ಮೇಲೆ ಮಾತ್ರ ಜೀವವೇ ಇತ್ತು. ಎರಡೂ ನಿಜ, ಎರಡರಲ್ಲಿ ಒಂದನ್ನೂ ನಾನು ಬಿಟ್ಟುಕೊಡುವವಳಲ್ಲ.

ನಮ್ಮ ಪಕ್ಕದ ಕೋಣೆ ಗಂಗವ್ವನದು. ಬಿಜಾಪುರದ ಕಡೆಯವಳು. ಗಂಡ ಗೌಂಡಿ ಕೆಲಸದವನು; ಅವನೂ ಇಬ್ಬರು ಗಂಡುಮಕ್ಕಳೂ ಬೆಳಗಾಗುವ ಮುಂಚೆ ಬುತ್ತಿ ಕಟ್ಟಿಕೊಂಡು ಗೋರೆಗಾಂವ್ ಕಡೆಯ ಕಟ್ಟಡಗಳಿಗೆ ಹೊರಟರೆ ಬರುವುದು ಕತ್ತಲಾದ ಮೇಲೆಯೇ. ಗಂಗವ್ವ ದಿನವಿಡೀ ಒಬ್ಬಳೇ. ಆದ್ದರಿಂದ ನಮ್ಮ ಬಾಗಿಲಿಗೆ ಬರುತ್ತಿದ್ದಳು. ಒಳಗೆ ಬರುತ್ತಿರಲಿಲ್ಲ. ಎಲ್ಲ ಕೋಣೆಗಳ ಮುಂದೆ ಹಾಯುವ ಗ್ಯಾಲರಿಯಲ್ಲಿ, ಹೊಸ್ತಿಲಿಂದ ಸ್ವಲ್ಪ ಆಚೆಗೆ ಮೊರ ಇಟ್ಟುಕೊಂಡು ಜೋಳ ಹಸನು ಮಾಡುತ್ತ ಕೂರುವಳು. ಹೊಸ್ತಿಲಿಂದ ಸ್ವಲ್ಪ ಈಚೆಗೆ ಅಜ್ಜಿ ಬಸಳೆ ಸೋಸುತ್ತ ಕೂರುವಳು. ಒಬ್ಬರ ಕನ್ನಡ ಇನ್ನೊಬ್ಬರಿಗೆ ಅರ್ಧ ತಿಳಿಯುತ್ತಿತ್ತು, ಉಳಿದರ್ಧ ತಿಳಿಯಬೇಕೆಂದು ಇಬ್ಬರಿಗೂ ಅನ್ನಿಸುತ್ತಿರಲಿಲ್ಲ. ಗಂಗವ್ವ ನಕ್ಕು ಬಾಗಿಲ ಚೌಕಟ್ಟಿನತ್ತ ವಾಲಿದರೆ ಅಜ್ಜಿಯೂ ಕೂತಲ್ಲೇ ಅತ್ತ ವಾಲುತ್ತಿದ್ದಳು. ಕೊಡುವುದಿಲ್ಲ, ಕೊಳ್ಳುವುದಿಲ್ಲ, ಒಂದು ಲೋಟ ಮಜ್ಜಿಗೆಯೂ ಆಚೆ ಈಚೆ ಆಗುವುದಿಲ್ಲ. ಆದರೆ ಗಂಗವ್ವ ಒಂದು ದಿನ ಬರದಿದ್ದರೆ ಅಜ್ಜಿಗೆ ಸಾರಿಗೆ ಉಪ್ಪು ಹಾಕಲೂ ನೆನಪಿರುತ್ತಿರಲಿಲ್ಲ.

ಅಪ್ಪ ಸ್ಟೇಷನ್ ಹತ್ತಿರದ ಒಂದು ಹೋಟೆಲಿನಲ್ಲಿ ಮ್ಯಾನೇಜರರು. ಅಲ್ಲಿ ಗಿರಾಕಿಗಳ ಜಗಳ, ಮಾಣಿಗಳ ಜಗಳ, ಧಣಿಗಳ ಜಗಳ ಎಲ್ಲ ಬಿಡಿಸಿ ಬಿಡಿಸಿ ಅವರಿಗೆ ಒಂದೇ ಮಾತು ಬಾಯಿಗೆ ಬಂದುಬಿಟ್ಟಿತ್ತು: "ನೋಡುವ." ಬೂಟು ಹರಿದಿದೆ ಎಂದರೆ ನೋಡುವ. ಊರಿಗೆ ಹೋಗೋಣ ಎಂದರೆ ನೋಡುವ. ಅಪ್ಪ ನೋಡುವ ಎಂದ ಮೇಲೆ ಯಾವುದನ್ನಾದರೂ ಯಾರಾದರೂ ನೋಡಿದ್ದು ನನಗೆ ನೆನಪಿಲ್ಲ. ನಾನು ಇಂಟರ್ ಸೈನ್ಸ್‌ನಲ್ಲಿದ್ದಾಗ, ಅಂದರೆ ಆ ಕಾಲದಲ್ಲಿ ಬಿ.ಎಸ್ಸಿ.ಗೆ ಮುಂಚಿನ ಮೆಟ್ಟಿಲಲ್ಲಿದ್ದಾಗ, ಒಂದು ಭಾನುವಾರ ಊಟಕ್ಕೆ ಕೂತಲ್ಲಿ ಮುಂದಿನ ಮಾತು ಬಂತು. ನಾನು ಬಿ.ಎಸ್ಸಿ. ಮಾಡುತ್ತೇನೆ, ಕೆಮಿಸ್ಟ್ರಿ ತೆಗೆದುಕೊಳ್ಳುತ್ತೇನೆ ಎಂದೆ. ಅಜ್ಜಿ ಬಡಿಸುವ ಸೌಟನ್ನು ನಿಲ್ಲಿಸಿದಳು.

"ಅದರಲ್ಲಿ ಎಂತ ಮಾಡ್ಲಿಕ್ಕುಂಟು?"

"ದಿನಾ ಲ್ಯಾಬ್ ಇರ್ತದೆ ಅಜ್ಜಿ. ಪ್ರಾಕ್ಟಿಕಲ್."

"ಪಕ್ಕದ ರೂಮಲ್ಲಿ ಕಪ್ಪೆ ಕೊಯ್ತಾರೆ," ಎಂದು ರಘು ಯಾರೂ ಕೇಳದಿದ್ದರೂ ಸೇರಿಸಿದ.

ಇಂಟರಿನಲ್ಲಿ ಪ್ರಾಕ್ಟಿಕಲ್ ವಾರಕ್ಕೊಮ್ಮೆ ಮಾತ್ರ ಇತ್ತು. ಆ ದಿನ ನಾನು ಬಂದೊಡನೆ ಯಾವುದನ್ನೂ ಮುಟ್ಟದೆ ನೇರ ಮೋರಿಗೆ ಹೋಗಿ ತಲೆಗೆ ನೀರು ಹಾಕಿಕೊಳ್ಳಬೇಕು. ಕಂಡಕಂಡವರು ಮುಟ್ಟಿದ ಗಾಜಿನ ಪಾತ್ರೆ, ಏನೇನೋ ಪುಡಿ, ಪಕ್ಕದಲ್ಲಿ ಕಪ್ಪೆ. ಇದು ಅಜ್ಜಿಯ ಕಟ್ಟಳೆ. ಅದಕ್ಕಾಗಿ ಅಮ್ಮ ಹೇಗೋ ಒಂದು ಬಕೆಟ್ ನೀರು ಮುಚ್ಚಿಡುತ್ತಿದ್ದಳು. ಗ್ಯಾಲರಿಯ ತುದಿಯ ನಳದಲ್ಲಿ ನೀರು ಬರುತ್ತಿದ್ದುದು ಬೆಳಗಿನ ಜಾವ ಮಾತ್ರ. ದಿನವೂ ಲ್ಯಾಬ್ ಎಂದರೆ ದಿನವೂ ಒಂದು ಬಕೆಟ್.

"ಸಂಜೆ ಬಂದು ಮೀಯದೆ ಒಳಗೆ ಬರ್ಲಿಕ್ಕಿಲ್ಲ. ಅದು ಮಾತ್ರ ಆಗ್ಲಿಕ್ಕಿಲ್ಲ," ಎಂದಳು ಅಜ್ಜಿ.

"ಅತ್ತೆ, ದಿನಾ ಸಂಜೆ ನೀರು ಎಲ್ಲಿಂದ ತರುವುದು? ಅಕ್ಕಿ ತೊಳೆಯುವಷ್ಟು ಉಳಿದ್ರೆ ಪುಣ್ಯ ಇಲ್ಲಿ."

"ಹಾಗಾದ್ರೆ ದಿನಾ ಮುಟ್ಟುಚಟ್ಟು ಆಗುವ ಓದು ಎಂತಕ್ಕೆ? ಟೈಪಿಂಗ್ ಕಲೀಲಿ. ಕೂತಲ್ಲೇ ಕೆಲಸ."

ಅಮ್ಮ ಪಾತ್ರೆಯನ್ನು ಸದ್ದಾಗುವಂತೆ ಇಟ್ಟಳು. ನಾನು ಅಪ್ಪನ ಮುಖ ನೋಡಿದೆ. ಅವರು ಎಲೆಯ ಮೇಲಿನ ಉಪ್ಪಿನಕಾಯಿಯನ್ನು ನೋಡುತ್ತ ಹೇಳಿದರು:

"ನೋಡುವ."

ಒಂದು ಬಕೆಟ್ ನೀರಿಗಾಗಿ ನನ್ನ ಓದು ನಿಂತುಹೋಗುತ್ತದೆ ಎಂದು ಆಗ ಗೊತ್ತಾಯಿತು. ಜಾತಕ, ವರದಕ್ಷಿಣೆ, ಹೆಣ್ಣುಮಕ್ಕಳಿಗೆ ಯಾಕೆ ಓದು ಎನ್ನುವ ಭಾಷಣ ಇವುಗಳಿಗೆಲ್ಲ ನಾನು ಉತ್ತರ ಸಿದ್ಧಮಾಡಿಟ್ಟುಕೊಂಡಿದ್ದೆ. ಆ ಪಟ್ಟಿಯಲ್ಲಿ ಬಕೆಟ್ ಇರಲಿಲ್ಲ.

ಮಾತೆಲ್ಲ ಗೋಡೆಯಾಚೆ ಕೇಳಿಸಿತ್ತು. ಚಾಳಿನ ಗೋಡೆಗಳು ಇರುವುದೇ ಹಾಗೆ. ಮರುದಿನ ಗಂಗವ್ವ ಮೊರ ಹಿಡಿದು ಬಂದವಳು ಕೂರುವ ಮೊದಲೇ ಹೇಳಿದಳು:

"ಅಮ್ಮಾರ, ನಮ್ಮ ಮನ್ಯಾಗ ಹಂಡೆ ತುಂಬ ನೀರು ದಿನಾ ಹಂಗ ಉಳಿತೈತ್ರಿ. ನಮ್ಮವರು ಕೆಲಸದ ಜಾಗಾದಾಗ ಜಳಕಾ ಮಾಡ್ಕೊಂಡ ಬರ್ತಾರ. ಹುಡುಗಿಗೆ ಸಂಜೀಕ ಅದರಾಗಿಂದ ಒಂದ ಕೊಡ ಒಯ್ಯಿರಿ."

ಅಜ್ಜಿ ಬಸಳೆಯ ದಂಟನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಅದು ಆಗ್ಲಿಕ್ಕಿಲ್ಲ ಗಂಗವ್ವ. ನೀನು ಬೇಜಾರು ಮಾಡ್ಬೇಡ."

"ನನ್ನ ಮಾತ ನಿಮ್ಮ ಮನಿಯೊಳಗ ಬರತೈತಿ, ನನ್ನ ನೀರ ಬರೂದಿಲ್ಲ. ಇರ್ಲಿ ಬಿಡ್ರಿ, ಬ್ಯಾಸರ ಯಾಕ ಮಾಡ್ಕೊಳ್ಳಿ."

ಹೀಗೆಂದವಳು ಕೂರದೆ ಹಿಂದಿರುಗಿದಳು. ಅಂದು ಸಾರಿಗೆ ಉಪ್ಪಿರಲಿಲ್ಲ. ಮರುದಿನ ಅಜ್ಜಿ ಬೆಳಗಿನಿಂದ ಮೂರು ಸಲ ಹೊಸ್ತಿಲ ಕಡೆ ಇಣುಕಿದಳು, ಕೊನೆಗೆ ಜೋರಾಗಿ ಕೆಮ್ಮಿದಳು. ಗಂಗವ್ವ ಮೊರ ಎತ್ತಿಕೊಂಡು ಬಂದು ಎಂದಿನ ಜಾಗದಲ್ಲೇ ಕೂತಳು. ಇಬ್ಬರೂ ಆ ಮಾತನ್ನು ಮತ್ತೆ ಎತ್ತಲಿಲ್ಲ.

ಕಾಲೇಜಿನಲ್ಲಿ ಆಗ ನಮಗೆ ರಾಸಾಯನಿಕ ಬಂಧಗಳ ಪಾಠ ನಡೆಯುತ್ತಿತ್ತು. ಕಲಿಸುತ್ತಿದ್ದವರು ಪರಾಂಜಪೆ ಮೇಡಂ. ಬಿಳಿ ಕಾಟನ್ ಸೀರೆ, ಸೆರಗಿನ ತುಂಬ ಸೀಮೆಸುಣ್ಣ, ಮಾತು ಮಾತ್ರ ಚಾಕು. ನಾನು ಕನ್ನಡ ಹೈಸ್ಕೂಲಿನಿಂದ ಬಂದವಳು. ಕಾಲೇಜಿನ ಇಂಗ್ಲಿಷಿನ ಮುಂದೆ ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಹಿಂದಿನ ಬೆಂಚಿನ ಮೂಲೆ ನನ್ನದು. ಆದರೆ ಈ ಪಾಠ ಶುರುವಾದಾಗ ಮಾತ್ರ ಏನೋ ಆಯಿತು. ಸೋಡಿಯಂ ತನ್ನ ಒಂದು ಎಲೆಕ್ಟ್ರಾನನ್ನು ಕ್ಲೋರಿನ್‌ಗೆ ಕೊಟ್ಟುಬಿಡುತ್ತದೆ. ಕೊಟ್ಟವನೂ ಪಡೆದವನೂ ಆಮೇಲೆ ಒಬ್ಬರನ್ನೊಬ್ಬರು ಬಿಡುವುದಿಲ್ಲ, ಅದೇ ಉಪ್ಪು. ಇನ್ನು ಕೆಲವು ಪರಮಾಣುಗಳು ಕೊಡುವುದೂ ಇಲ್ಲ, ಪಡೆಯುವುದೂ ಇಲ್ಲ, ಇಬ್ಬರ ಎಲೆಕ್ಟ್ರಾನುಗಳನ್ನು ನಡುವೆ ಇಟ್ಟುಕೊಂಡು ಹಂಚಿಕೊಳ್ಳುತ್ತವೆ. ನಮ್ಮ ಚಾಳಿನ ಗ್ಯಾಲರಿಯ ಹಾಗೆ. ಯಾರದೂ ಅಲ್ಲ, ಎಲ್ಲರದೂ ಹೌದು. ಆಮೇಲೆ ಮೇಡಂ ನೀರಿನ ಅಣುವನ್ನು ಬರೆದರು. ಒಂದು ಆಕ್ಸಿಜನ್, ಎರಡು ಹೈಡ್ರೋಜನ್. ಒಂದು ಅಣುವಿನ ಹೈಡ್ರೋಜನ್ ಪಕ್ಕದ ಅಣುವಿನ ಆಕ್ಸಿಜನ್ನಿನ ಕಡೆ ಕೈಚಾಚುತ್ತದೆ. ಅದಿಲ್ಲದಿದ್ದರೆ ಲೋಟದಲ್ಲಿ ನೀರೇ ಇರುತ್ತಿರಲಿಲ್ಲ, ಎಲ್ಲ ಆವಿಯಾಗಿ ಹೋಗಿರುತ್ತಿತ್ತು ಎಂದರು.

ನಾನು ಮನೆಗೆ ಓಡಿಬಂದು ಅಜ್ಜಿಗೆ ಹೇಳಿದೆ. ಸಂಜೆಯಾದ್ದರಿಂದ ಅವಳು ಮಡಿಯಲ್ಲಿರಲಿಲ್ಲ, ನನ್ನ ಜಡೆ ಬಿಚ್ಚಿ ಎಣ್ಣೆ ಹಚ್ಚುತ್ತಿದ್ದಳು.

"ಅಜ್ಜಿ, ನೀರಲ್ಲಿ ಒಂದು ಅಣು ಇನ್ನೊಂದನ್ನು ಹಿಡ್ಕೊಂಡಿರ್ತದೆ. ಅದು ಮತ್ತೊಂದನ್ನ. ಅದು ಅದರ ಪಕ್ಕದ್ದನ್ನ. ಹಾಗೆ ಹಿಡೀತಾ ಹೋದ್ರೆ ಲೋಟದ ನೀರೆಲ್ಲ ಒಂದೇ. ನಳದ್ದೂ ಒಂದೇ. ಸಮುದ್ರದ್ದೂ ಒಂದೇ."

ತಲೆಯ ಮೇಲಿನ ಬೆರಳುಗಳು ನಿಂತವು.

"ಒಂದನ್ನೊಂದು ಮುಟ್ಟಿಕೊಂಡೇ ಉಂಟಾ?"

"ಮುಟ್ಟಿಕೊಂಡೇ."

"ಹಾಗಾದ್ರೆ ಇದೊಂದು ದೊಡ್ಡ ಫಜೀತಿ ಆಯ್ತಲ್ಲ," ಎಂದು ಅಜ್ಜಿ ಹೇಳಿದಳು. ಎಣ್ಣೆ ಹಚ್ಚುವುದು ಮುಂದುವರಿಯಿತು.

ಮಡಿಯ ಮನೆಯಲ್ಲಿ ಬೆಳೆದವರಿಗೆ ಮಾತ್ರ ಆಗಬಹುದಾದ ತಪ್ಪು ಅದು. ನಮ್ಮಲ್ಲಿ ನಾನು ರಘುವನ್ನು ಮುಟ್ಟಿ, ರಘು ಅಮ್ಮನನ್ನು ಮುಟ್ಟಿ, ಅಮ್ಮ ಚಾಪೆ ಮುಟ್ಟಿದರೆ ಚಾಪೆಯೂ ಮೈಲಿಗೆ. ಮುಟ್ಟಿದ್ದು ಸಾಲಾಗಿ ಹರಿಯುತ್ತದೆ, ಮಿಂದಲ್ಲದೆ ಬಿಡುವುದಿಲ್ಲ. ನೀರೂ ಹಾಗೆಯೇ ಎಂದು ನಾನು ನಂಬಿಬಿಟ್ಟಿದ್ದೆ. ಟೆಸ್ಟಿನಲ್ಲಿ ಅದನ್ನೇ ಬರೆದೆ: ಒಂದು ಬೀಕರಿನಲ್ಲಿರುವ ನೀರೆಲ್ಲ ಸೇರಿ ಒಂದೇ ಅಣು. ಮೇಡಂ ಅದರ ಮೇಲೆ ಕೆಂಪು ಗೀಟು ಎಳೆದು, ಪಕ್ಕದಲ್ಲಿ ಸೊನ್ನೆ ಹಾಕಿ, ನನ್ನನ್ನು ಸ್ಟಾಫ್ ರೂಮಿಗೆ ಕರೆಸಿದರು. ಬೈಯುತ್ತಾರೆಂದು ಹೋದೆ. ಅವರು ಮರಾಠಿಯಲ್ಲಿ ಕೇಳಿದರು, ಹೀಗೆ ಯೋಚಿಸಲು ನಿನಗೆ ಯಾರು ಕಲಿಸಿದರು ಎಂದು. ನನಗೆ ಮರಾಠಿ ಚಾಳಿನಲ್ಲಿ ನೀರಿಗೆ ಜಗಳವಾಡುವಷ್ಟು ಚೆನ್ನಾಗಿ ಬರುತ್ತಿತ್ತು. ಬೀಗ ಬಿಚ್ಚಿತು. ಅಜ್ಜಿ, ಮಡಿ, ಗಳ, ಕೋಲು, ದೋಸೆ, ಗಂಗವ್ವ, ಬಕೆಟ್, ಎಲ್ಲವನ್ನೂ ಹೇಳಿಬಿಟ್ಟೆ.

ಮೇಡಂ ನಗಲಿಲ್ಲ. ನೀರಿನ ಆ ಕೈಗಳು ಸದಾ ಹಿಡಿದೇ ಇರುವುದಿಲ್ಲ, ಕಣ್ಣು ಮಿಟುಕಿಸುವ ಮೊದಲೇ ಬಿಟ್ಟು ಇನ್ನೊಂದನ್ನು ಹಿಡಿಯುತ್ತವೆ. ಅದಕ್ಕೇ ನೀರು ಹರಿಯುತ್ತದೆ, ಸುರಿಯಲು ಬರುತ್ತದೆ, ಪ್ರತಿ ಅಣುವೂ ತಾನು ತಾನಾಗಿಯೇ ಉಳಿಯುತ್ತದೆ ಎಂದು ವಿವರಿಸಿದರು. ಆಮೇಲೆ ಒಂದು ಹಾಳೆ ಎಳೆದುಕೊಂಡು ಸಿಲೆಬಸ್ಸಿನಲ್ಲಿಲ್ಲದ ಒಂದು ಗೆರೆ ಬರೆದರು. ಎರಡು ಅಣುಗಳು ದೂರ ಇದ್ದಾಗ ಒಂದಕ್ಕೊಂದು ಪರಿವೆಯಿಲ್ಲ. ಸ್ವಲ್ಪ ಹತ್ತಿರ ಬಂದರೆ ಎಳೆತ ಶುರು, ಗೆರೆ ಕೆಳಕ್ಕೆ ಇಳಿಯುತ್ತದೆ. ತೀರಾ ಹತ್ತಿರ ಬಂದರೆ ತಳ್ಳಾಟ, ಗೆರೆ ಗೋಡೆ ಹತ್ತಿದಂತೆ ಮೇಲಕ್ಕೆ ಏರುತ್ತದೆ. ನಡುವೆ ಬಾಣಲೆಯಂಥ ಒಂದು ತಗ್ಗು. ಎರಡೂ ನೆಮ್ಮದಿಯಾಗಿ ಇರುವುದು ಆ ತಗ್ಗಿನಲ್ಲಿ.

ನಾನು ಆ ತಗ್ಗನ್ನು ನೋಡುತ್ತಲೇ ಇದ್ದೆ. ದೋಸೆಗೆ ಕೈ ನೀಡಿ ನಿಲ್ಲುತ್ತಿದ್ದ ಜಾಗ ಅದು. ಗಂಗವ್ವ ಮೊರ ಇಟ್ಟುಕೊಂಡು ಕೂರುವ ಜಾಗ ಅದು. ನನ್ನ ಮೈಗೆ ಗೊತ್ತಿದ್ದದ್ದನ್ನು ಯಾರೋ ಹಾಳೆಯ ಮೇಲೆ ಬರೆದುಬಿಟ್ಟಿದ್ದರು. ಅಂಥ ಸಂತೋಷ ನನಗೆ ಆಮೇಲೆ ಕೆಲವೇ ಸಲ ಆಗಿದೆ, ಮದುವೆಯ ದಿನವನ್ನೂ ಸೇರಿಸಿ ಹೇಳುತ್ತಿದ್ದೇನೆ.

ಕಾಲೇಜಿನಲ್ಲಿ ವಿಜ್ಞಾನದ ಭಾಷಣ ಸ್ಪರ್ಧೆ ಇತ್ತು. ಗೆದ್ದವರನ್ನು ಬಿ.ಎಸ್ಸಿ. ಕೆಮಿಸ್ಟ್ರಿಗೆ ಮೊದಲು ಕರೆಯುವ ಪದ್ಧತಿ. ಮೇಡಂ ನನ್ನನ್ನು ಕೇಳದೆಯೇ ನನ್ನ ಹೆಸರು ಕೊಟ್ಟರು. ಅಣುಗಳ ನಡುವಿನ ಬಲಗಳು ನನ್ನ ವಿಷಯ. ಇಂಗ್ಲಿಷಿನಲ್ಲಿ ಬರೆದುಕೊಟ್ಟಿದ್ದನ್ನು ನಾನು ಮೋರಿಯಲ್ಲಿ ಪಾತ್ರೆ ತಿಕ್ಕುತ್ತ, ಲೈನಿನಲ್ಲಿ ನಿಂತು ನೀರು ಹಿಡಿಯುತ್ತ ಉರುಹೊಡೆದೆ. ಆ ದಿನ ವೇದಿಕೆ ಹತ್ತಿದೆ. ಮುಂದೆ ಮೂವರು ತೀರ್ಪುಗಾರರು, ಹಿಂದೆ ತುಂಬಿದ ಸಭಾಂಗಣ. ಉರುಹೊಡೆದದ್ದರಲ್ಲಿ ಒಂದಕ್ಷರವೂ ನಾಲಗೆಗೆ ಬರಲಿಲ್ಲ. ಬಾಯಿಗೆ ಬಂದದ್ದು ಇಂಗ್ಲಿಷಿನ ಒಂದೇ ವಾಕ್ಯ: ನನ್ನ ಅಜ್ಜಿ ಒಂದು ಅಣು.

ಸಭೆ ಬಿದ್ದು ಬಿದ್ದು ನಕ್ಕಿತು. ನಗು ನಿಲ್ಲುವವರೆಗೆ ನಾನು ಮೇಜಿನ ಮೇಲಿದ್ದ ಲೋಟಕ್ಕೆ ನೀರು ಸುರಿಯುತ್ತ ನಿಂತೆ. ಕೈಗೆ ಏನಾದರೂ ಕೆಲಸ ಬೇಕಿತ್ತು. ಲೋಟ ತುಂಬಿತು. ಹನಿ ಹನಿಯಾಗಿ ಇನ್ನೂ ಹಾಕಿದೆ. ನೀರು ಬಾಯಿಯ ಅಂಚನ್ನು ದಾಟಿ ಉಬ್ಬಿ ನಿಂತಿತು, ಚೆಲ್ಲಲಿಲ್ಲ. ನಗುತ್ತಿದ್ದವರು ಅದನ್ನು ನೋಡತೊಡಗಿದರು. ಇದನ್ನು ಹಿಡಿದು ನಿಲ್ಲಿಸಿರುವುದು ಏನು, ಅದನ್ನೇ ನಾನು ಹೇಳಲು ಬಂದದ್ದು ಎಂದೆ. ಅಲ್ಲಿಂದ ಮುಂದೆ ಇಂಗ್ಲಿಷು, ಅದು ಕೈಕೊಟ್ಟಲ್ಲಿ ಹಿಂದಿ, ಹಿಂದಿ ಸಾಲದಿದ್ದಲ್ಲಿ ಮರಾಠಿ. ಉಪ್ಪಿನ ಬಂಧ ಹೇಳಿದೆ, ಹಂಚಿಕೆಯ ಬಂಧ ಹೇಳಿದೆ, ನೀರಿನ ಕೈಗಳನ್ನು ಹೇಳಿದೆ, ಅವು ಹಿಡಿದು ಬಿಟ್ಟು ಹಿಡಿಯುವುದನ್ನೂ ಹೇಳಿದೆ. ಕೊನೆಗೆ ಏನೂ ಕೊಡದ, ಏನೂ ಹಂಚಿಕೊಳ್ಳದ ಅಣುಗಳು. ಒಂದರಲ್ಲಿ ಎಲೆಕ್ಟ್ರಾನುಗಳು ಒಂದು ಕ್ಷಣ ಒಂದು ಪಕ್ಕಕ್ಕೆ ವಾಲುತ್ತವೆ, ಆಗ ಪಕ್ಕದ ಅಣುವಿನವೂ ವಾಲುತ್ತವೆ. ಅಷ್ಟಕ್ಕೇ ಒಂದು ಎಳೆತ. ಹೊಸ್ತಿಲ ಆಚೆ ಒಬ್ಬಳು, ಈಚೆ ಒಬ್ಬಳು. ಬೋರ್ಡಿನ ಮೇಲೆ ಆ ಗೆರೆ ಎಳೆದು ಬಾಣಲೆಯ ತಗ್ಗಿನಲ್ಲಿ ಎರಡು ಚುಕ್ಕೆ ಇಟ್ಟೆ.

ತೀರ್ಪುಗಾರರಲ್ಲಿ ಹಿರಿಯರೊಬ್ಬರು ಕನ್ನಡಕ ತೆಗೆದು ಹಿಂದಿಯಲ್ಲಿ ಕೇಳಿದರು:

"ಅಂದರೆ ನಿನ್ನ ಅಜ್ಜಿಗೂ ಆ ಪಕ್ಕದ ಮನೆಯವಳಿಗೂ ನಡುವೆ ಹೈಡ್ರೋಜನ್ ಬಂಧ?"

"ಇಲ್ಲ ಸರ್. ಅದಕ್ಕೆ ಇಂಥದೇ ಪರಮಾಣು ಬೇಕು ಎಂದುಂಟು. ಇವರದು ಅದಕ್ಕಿಂತ ದುರ್ಬಲ. ಆದರೆ ಅದು ಯಾರ ನಡುವೆ ಬೇಕಾದರೂ ಇರುತ್ತದೆ. ಜಗತ್ತಿನಲ್ಲಿ ಅದು ಇಲ್ಲದ ಜೋಡಿಯೇ ಇಲ್ಲ."

"ಅವರು ಇನ್ನೂ ಹತ್ತಿರ ಬಂದರೆ?"

"ಅಜ್ಜಿ ಮತ್ತೆ ಸ್ನಾನ ಮಾಡಬೇಕಾಗುತ್ತದೆ ಸರ್."

ಈ ಸಲದ ನಗು ಬೇರೆ ತರಹದ್ದು. ಚಪ್ಪಾಳೆಯೊಂದಿಗೆ ಬಂದ ಆ ನಗುವನ್ನು ಮೈತುಂಬ ತೆಗೆದುಕೊಂಡು ನಾನು ಮೆಟ್ಟಿಲಿಳಿದೆ. ಫಲಿತಾಂಶ ಆಮೇಲೆ ಹೇಳುತ್ತೇವೆ ಎಂದರು. ಮನೆಯಲ್ಲಿ ನಾನು ಬಾಯಿ ಬಿಡಲಿಲ್ಲ. ಗೆದ್ದರೂ ಬಕೆಟ್ ಹಾಗೇ ಇತ್ತಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಪರಾಂಜಪೆ ಮೇಡಂ ನಮ್ಮ ಚಾಳಿನ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಂದುಬಿಟ್ಟರು. ಭಾನುವಾರವಾದ್ದರಿಂದ ಎಲ್ಲರ ಎಣ್ಣೆಸ್ನಾನ ಮುಗಿದು ಡ್ರಮ್ಮಿನ ತಳ ಕಾಣುತ್ತಿತ್ತು. ಇದ್ದ ಕೊನೆಯ ತಂಬಿಗೆ ನೀರಿನಲ್ಲಿ ಅಮ್ಮ ಮೇಡಮ್ಮಿಗೆ ಕಾಫಿಗಿಟ್ಟಳು. ಅಪ್ಪ ಬನಿಯನ್ ಮೇಲೆ ಅಂಗಿ ಸಿಕ್ಕಿಸಿಕೊಂಡು ಗ್ಯಾಲರಿಗೆ ಮಡಚುವ ಕುರ್ಚಿ ತಂದರು. ಅಜ್ಜಿ ಮಡಿಯಲ್ಲಿ, ಒಲೆಯ ಮುಂದೆ. ಗಂಗವ್ವ ರೊಟ್ಟಿ ಬಡಿಯುವುದನ್ನು ಅರ್ಧಕ್ಕೆ ಬಿಟ್ಟು ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತಿದ್ದಳು. ಮೇಡಂ ಕುರ್ಚಿಯಲ್ಲಿ ಕೂರಲೂ ಇಲ್ಲ.

"ತುಮಚಿ ಮುಲಗೀ ಪಹಿಲೀ ಆಲೀ," ಎಂದರು ಅಪ್ಪನಿಗೆ, ನಿಮ್ಮ ಮಗಳು ಮೊದಲು ಬಂದಿದ್ದಾಳೆ ಎಂದು. ಬಿ.ಎ‌ಸ್ಸಿ. ಕೆಮಿಸ್ಟ್ರಿಯಲ್ಲಿ ಅವಳಿಗೆ ಜಾಗ ಇಟ್ಟಿದ್ದೇವೆ, ಕಳಿಸುತ್ತೀರೋ ಇಲ್ಲವೋ ಇವತ್ತೇ ಹೇಳಿ, ನಾನು ಕೇಳಿಕೊಂಡೇ ಹೋಗುವವಳು ಎಂದರು.

ಅಪ್ಪನ ಬಾಯಿ "ನೋ" ಎನ್ನುವ ಆಕಾರಕ್ಕೆ ಬಂತು. ಕಣ್ಣು ಒಳಗೆ, ಅಜ್ಜಿಯ ಕಡೆ ಹೋಯಿತು. ಆ ಮಾತು ಹೊರಬೀಳುವ ಮುಂಚೆಯೇ ಗಂಗವ್ವ ಹೊಸ್ತಿಲು ದಾಟಿದ್ದಳು.

"ನಮ್ಮ ಹುಡುಗಿ ಗೆದ್ದಾಳಂತ ಅಮ್ಮಾರ," ಎಂದು ಹೋದವಳೇ ಅಜ್ಜಿಯನ್ನು ಎರಡೂ ಕೈಗಳಿಂದ ಬಾಚಿ ತಬ್ಬಿಕೊಂಡಳು.

ಗಂಗವ್ವ ಎಚ್ಚೆತ್ತು ಹಿಂದೆ ಸರಿದಳು. ಅಜ್ಜಿಯ ಮಡಿಸೀರೆಯ ಬೆನ್ನ ಮೇಲೆ ಜೋಳದ ಹಿಟ್ಟಿನ ಎರಡು ಕೈಗಳು ಬೆರಳು ಬೆರಳಾಗಿ ಮೂಡಿದ್ದವು.

"ತಪ್ಪಾತ್ರಿ ಅಮ್ಮಾರ. ಖುಷಿಗೆ ನೆಪ್ಪ ಹಾರಿತು."

ಅಜ್ಜಿ ನಿಧಾನವಾಗಿ ಎದ್ದು ನಿಂತಳು. ಡ್ರಮ್ಮಿನ ಮುಚ್ಚಳ ಎತ್ತಿ ನೋಡಿದಳು. ಮುಚ್ಚಿದಳು.

"ಗಂಗವ್ವ, ನಿನ್ನ ಹಂಡೆಯಲ್ಲಿ ನೀರು ಉಂಟಾ?"

"ಐತ್ರಿ. ಆದ್ರ..."

"ತಾ. ನಾನು ಮೀಯಬೇಕು."

"ಅತ್ತೆ," ಎಂದಳು ಅಮ್ಮ, ಮೆಲ್ಲಗೆ, "ಅದು ಅವಳ ನೀರು."

"ನನಗೆ ಗೊತ್ತುಂಟು. ನೀರೆಲ್ಲ ಒಂದನ್ನೊಂದು ಹಿಡ್ಕೊಂಡೇ ಇರ್ತದೆ ಅಂತ ಇವಳೇ ಹೇಳಿದ್ದಲ್ವಾ? ನಳದ್ದೂ ಒಂದೇ, ಹಂಡೆಯದ್ದೂ ಒಂದೇ, ಸಮುದ್ರದ್ದೂ ಒಂದೇ. ಅವತ್ತಿಂದ ನಾನು ಅದನ್ನೇ ಯೋಚನೆ ಮಾಡ್ತಾ ಇದ್ದೇನೆ. ಕಾಲೇಜಲ್ಲಿ ಹಾಗೇ ಕಲಿಸ್ತಾರಂತೆ. ಬೇಕಾದ್ರೆ ಇಕೊ, ಟೀಚರೇ ಬಂದಿದ್ದಾರೆ, ಕೇಳು."

ಅಜ್ಜಿ ಏನು ಹೇಳುತ್ತಿದ್ದಾಳೆಂದು ಮೇಡಂ ನನ್ನನ್ನು ಕೇಳಿದರು. ನಾನು ಮರಾಠಿಯಲ್ಲಿ ಹೇಳಿದೆ, ಒಂದು ಮಾತೂ ಬಿಡದೆ. ಆ ಉತ್ತರದ ಮೇಲೆ ಕೆಂಪು ಗೀಟು ಎಳೆದ ಕೈ ಸೆರಗಿನ ತುದಿಯನ್ನು ಒಮ್ಮೆ ಹಿಡಿದು ಬಿಟ್ಟಿತು. ಮೇಡಂ ನನ್ನನ್ನು ನೋಡಿದರು. ಹಿಟ್ಟಿನ ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತಿದ್ದ ಗಂಗವ್ವನನ್ನು ನೋಡಿದರು. ಆಮೇಲೆ ಅಜ್ಜಿಗೆ ಕೈಮುಗಿದರು.

"ಬರೋಬರ್ ಆಹೇ, ಆಜೀ."

ಸರಿಯಾಗಿದೆ ಎಂದು. ಗಂಗವ್ವ ಕೊಡ ತಂದಳು. ಬಾಗಿಲಲ್ಲಿ ಒಂದು ಕ್ಷಣ ನಿಂತಳು. ಅಮ್ಮ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಅವಳು ಹೊಸ್ತಿಲು ದಾಟಿ, ಅಪ್ಪನ ಮಂಚ ದಾಟಿ, ದೇವರ ಹಲಗೆಯ ಮುಂದಿನಿಂದ ಹಾದು ಮೋರಿಯ ಬಕೆಟ್ಟಿಗೆ ಕೊಡ ಬಗ್ಗಿಸಿದಳು. ನೀರು ಬೀಳುವ ಸದ್ದು ಇಡೀ ಕೋಣೆ ತುಂಬಿತು. ಪರದೆಯ ಹಿಂದೆ ಅಜ್ಜಿ ಚೊಂಬಿನಿಂದ ತಲೆಗೆ ಸುರಿದುಕೊಳ್ಳುತ್ತ, ಚಳಿಗೆ ಹೂಂಕರಿಸುತ್ತ ಕೂಗಿ ಹೇಳಿದಳು:

"ದಿನಾ ಸಂಜೆ ಇವಳಿಗೂ ಅಲ್ಲಿಂದಲೇ ಒಂದು ಕೊಡ ತಂದ್ರಾಯ್ತು. ಹೋಗ್ಲಿ ಅವಳು, ಕಲೀಲಿ."

ಅಪ್ಪ ಮೇಡಂ ಕಡೆ ತಿರುಗಿದರು. ತಮ್ಮ ಬದುಕಿನಲ್ಲಿ ಮೊದಲ ಸಲ, ನಾನು ಕಂಡಂತೆ, ನೋಡುವ ಎನ್ನಲಿಲ್ಲ.

"ಕಳಿಸ್ತೇನೆ," ಎಂದರು, ಕನ್ನಡದಲ್ಲೇ. ಮೇಡಂಗೆ ಅದು ಅರ್ಥವಾಯಿತು.

ನಾನು ಆಮೇಲೆ ಕೆಮಿಸ್ಟ್ರಿ ಓದಿದೆ, ಜೀವನವಿಡೀ ಅದನ್ನೇ ಕಲಿಸಿದೆ. ಬೀಕರಿನ ನೀರೆಲ್ಲ ಒಂದೇ ಅಣು ಎಂದು ಬರೆದ ಮಕ್ಕಳಿಗೆಲ್ಲ ಸೊನ್ನೆ ಹಾಕಿ ಸರಿಯಾದದ್ದನ್ನು ತಿಳಿಸಿ ಹೇಳಿದ್ದೇನೆ. ಅಜ್ಜಿಗೆ ಮಾತ್ರ ಕೊನೆಯವರೆಗೂ ಹೇಳಲಿಲ್ಲ. ಕಾಲೇಜಿನಲ್ಲಿ ಸೊನ್ನೆ ಬಿದ್ದ ಆ ಉತ್ತರಕ್ಕೆ ನಮ್ಮ ಮನೆಯ ಮೋರಿಯಲ್ಲಿ ಪೂರ್ತಿ ಮಾರ್ಕು ಸಿಕ್ಕಿತ್ತು.